ಸೋಡಾದಲ್ಲಿ ಗ್ಯಾಸ್ ನಿಲ್ಲುತ್ತಿಲ್ಲವೇ? - ಗೋಲಿ ಸೋಡಾ ಯಂತ್ರದ ದೋಷ ಪತ್ತೆ

ಕೊಪ್ಪಳ ಜಿಲ್ಲೆಯ ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸದೇನಲ್ಲ. ಇಂತಹ ಬಿಸಿಲಿನಲ್ಲಿ ಬಸ್ ನಿಲ್ದಾಣ, ಸಂತೆ, ಜಾತ್ರೆಗಳಲ್ಲಿ ಗೋಲಿ ಸೋಡಾಕ್ಕೆ ಇರುವ ಬೇಡಿಕೆ ಎಲ್ಲರಿಗೂ ಗೊತ್ತಿರುವಂಥದ್ದೇ. ಮೊದಲು ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರು ತಾಲ್ಲೂಕಿಗೆ ಸೇರಿರುವ ತಳಕಲ್ ಒಂದು ರೈಲು ಜಂಕ್ಷನ್. 2025ರ ಮೇ ತಿಂಗಳಲ್ಲಿ ಇಲ್ಲಿಂದ ಕುಷ್ಟಗಿಗೆ ಹೊಸ ಮಾರ್ಗದಲ್ಲಿ ರೈಲು ಓಡತೊಡಗಿತು. ಜನರ ಓಡಾಟ ಇದ್ದಲ್ಲಿ ತಂಪು ಪಾನೀಯದ ಗಾಡಿಗಳೂ ಇರುತ್ತವೆ. ಕಡಿಮೆ ಬಂಡವಾಳ, ಒಂದು ಕೈಯಂತ್ರ, ಒಂದು ಗ್ಯಾಸ್ ಸಿಲಿಂಡರ್, ನಾಲ್ಕಾರು ಡಜನ್ ಬಾಟಲಿ - ಇಷ್ಟಿದ್ದರೆ ಮನೆಯಲ್ಲೇ ಈ ಉದ್ಯೋಗ ಆರಂಭಿಸಬಹುದು.

ಆದರೆ ಸೋಡಾ ಹೆಚ್ಚು ಬೇಕಾಗುವ ಕಾಲದಲ್ಲೇ ಯಂತ್ರದ ತೊಂದರೆಗಳೂ ಹೆಚ್ಚು. ಚಳಿಗಾಲದಲ್ಲಿ ಸರಿಯಾಗಿದ್ದ ಸೋಡಾ ಏಪ್ರಿಲ್‌ನಲ್ಲಿ ಸಪ್ಪೆಯಾಗುತ್ತದೆ. ಬೆಳಗ್ಗೆ ತುಂಬಿದ ಬಾಟಲಿ ಸಂಜೆಗೆ ಸದ್ದೇ ಮಾಡುವುದಿಲ್ಲ. ಇನ್ನು ಕೆಲವು ಬಾಟಲಿಗಳು ತೆರೆದ ಕೂಡಲೇ ಅರ್ಧದಷ್ಟು ಉಕ್ಕಿ ನೆಲದ ಪಾಲಾಗುತ್ತವೆ. ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸವೆಂದರೆ ರೆಗ್ಯುಲೇಟರ್ ತಿರುಗಿಸಿ ಗ್ಯಾಸಿನ ಒತ್ತಡ ಹೆಚ್ಚಿಸುವುದು. ಇದು ಬಹುತೇಕ ಸಂದರ್ಭಗಳಲ್ಲಿ ತಪ್ಪು ಚಿಕಿತ್ಸೆ, ಕೆಲವೊಮ್ಮೆ ಅಪಾಯಕಾರಿ ಕೂಡ. ಹಾಗಾದರೆ ಸರಿಯಾದ ಕ್ರಮ ಯಾವುದು? ಅದನ್ನು ತಿಳಿಯಲು ನೀರಿನಲ್ಲಿ ಅನಿಲ ಹೇಗೆ ಕರಗುತ್ತದೆ ಎಂಬುದನ್ನು ನೋಡಬೇಕು.

ಬಿಯರ್ ತೊಟ್ಟಿಯಿಂದ ಸೋಡಾ ಬಾಟಲಿಗೆ

ಸೋಡಾ ಹುಟ್ಟಿದ್ದು ಬಿಯರ್ ತಯಾರಿಕೆಯ ಪಕ್ಕದಲ್ಲಿ ಎಂದರೆ ಅಚ್ಚರಿಯಾಗಬಹುದು. ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ವಿಜ್ಞಾನಿಯ ಮನೆಯ ಸಮೀಪ ಬಿಯರ್ ತಯಾರಿಸುವ ಕಾರ್ಖಾನೆಯೊಂದಿತ್ತು. ಹುದುಗುತ್ತಿರುವ ತೊಟ್ಟಿಯ ಮೇಲೆ ಒಂದು ಭಾರವಾದ ಅನಿಲ ನಿಂತಿರುವುದನ್ನು ಆತ ಗಮನಿಸಿದ. 1767ರಲ್ಲಿ ಆ ಅನಿಲದ ನಡುವೆ ನೀರನ್ನು ಹಿಡಿದು ಅದಕ್ಕೆ ಹಿತವಾದ ಹುಳಿರುಚಿ ಬರುವುದನ್ನು ಕಂಡುಕೊಂಡ. ಆ ಅನಿಲವೇ ಕಾರ್ಬನ್ ಡೈಆಕ್ಸೈಡ್. ನೀರಿಗೆ ಇದನ್ನು ಸೇರಿಸುವ ವಿಧಾನವನ್ನು 1772ರಲ್ಲಿ ಆತ ಪ್ರಕಟಿಸಿದ. 1783ರಲ್ಲಿ ಜಿನೀವಾದಲ್ಲಿ ಜೇಕಬ್ ಶ್ವೆಪ್ ಇದನ್ನು ಉದ್ಯಮವಾಗಿಸಿದ.

ಅನಿಲ ಸೇರಿದ ನೀರನ್ನು ಬಾಟಲಿಯಲ್ಲಿ ಹಿಡಿದಿಡುವುದು ದೊಡ್ಡ ಸಮಸ್ಯೆಯಾಗಿತ್ತು. ಬಿರಡೆ ಒಣಗಿದರೆ ಅನಿಲ ಸೋರಿಹೋಗುತ್ತಿತ್ತು. ಇದಕ್ಕೆ ಹೈರಮ್ ಕಾಡ್ ಎಂಬ ಇಂಗ್ಲಿಷ್ ಎಂಜಿನಿಯರ್ ಜಾಣ ಪರಿಹಾರ ಕಂಡುಹಿಡಿದು 1872ರಲ್ಲಿ ಪೇಟೆಂಟ್ ಪಡೆದ. ಬಾಟಲಿಯ ಕತ್ತಿನೊಳಗೆ ಒಂದು ಗಾಜಿನ ಗೋಲಿ, ಬಾಯಿಯಲ್ಲಿ ಒಂದು ರಬ್ಬರ್ ಉಂಗುರ. ಒಳಗಿನ ಅನಿಲವೇ ಗೋಲಿಯನ್ನು ಉಂಗುರಕ್ಕೆ ಒತ್ತಿ ಬಾಯಿ ಮುಚ್ಚುತ್ತದೆ! ಉಂಗುರದ ತೂತು 12 ಮಿಲಿಮೀಟರ್ ಇದ್ದು, ಒಳಗೆ 4 ಬಾರ್ ಒತ್ತಡವಿದ್ದರೆ ಗೋಲಿಯ ಮೇಲೆ ಬೀಳುವ ಬಲ ಸುಮಾರು ನಾಲ್ಕೂವರೆ ಕಿಲೋಗ್ರಾಂ ತೂಕಕ್ಕೆ ಸಮ. ಸೋಡಾ ತೆರೆಯುವಾಗ ಹೆಬ್ಬೆರಳು ಅಥವಾ ಮರದ ಒತ್ತುಗ ಗೆಲ್ಲಬೇಕಾದದ್ದು ಈ ಬಲವನ್ನೇ. ಇಂದು ಹೆಚ್ಚಿನ ದೇಶಗಳಲ್ಲಿ ಕಣ್ಮರೆಯಾಗಿರುವ ಈ ಬಾಟಲಿ ಭಾರತದಲ್ಲಿ ಇನ್ನೂ ಬಳಕೆಯಲ್ಲಿದೆ.

ಮೊದಲ ಪ್ರಶ್ನೆ: ನೀರು ಎಷ್ಟು ತಣ್ಣಗಿದೆ?

ದ್ರವದಲ್ಲಿ ಕರಗುವ ಅನಿಲದ ಪ್ರಮಾಣ ಅದರ ಮೇಲಿರುವ ಅದೇ ಅನಿಲದ ಒತ್ತಡಕ್ಕೆ ಅನುಪಾತದಲ್ಲಿರುತ್ತದೆ. 1803ರಲ್ಲಿ ವಿಲಿಯಂ ಹೆನ್ರಿ ನಿರೂಪಿಸಿದ ಈ ನಿಯಮ ಪಠ್ಯಪುಸ್ತಕಗಳಲ್ಲಿದೆ. ಒತ್ತಡ ಎರಡು ಪಟ್ಟಾದರೆ ಕರಗುವ ಅನಿಲವೂ ಎರಡು ಪಟ್ಟು. ಆದರೆ ಈ ನಿಯಮಕ್ಕೆ ಒಂದು ಷರತ್ತು ಇದೆ: ಉಷ್ಣತೆ ಬದಲಾಗಬಾರದು. ಉಷ್ಣತೆ ಏರಿದಂತೆ ಅನಿಲದ ದ್ರಾವ್ಯತೆ ಇಳಿಯುತ್ತದೆ. ನಮ್ಮ ಭಾಗದಲ್ಲಿ ಸೋಡಾ ಕೈಕೊಡುವುದು ಹೆಚ್ಚಾಗಿ ಈ ಷರತ್ತಿನಲ್ಲೇ.

ಸೋಡಾ ಚೆನ್ನಾಗಿ ಚುರುಗುಟ್ಟಬೇಕಾದರೆ ಒಂದು ಲೀಟರ್ ನೀರಿನಲ್ಲಿ ಸುಮಾರು 4 ಲೀಟರ್ ಅನಿಲ, ಅಂದರೆ ಸುಮಾರು 8 ಗ್ರಾಂ, ಕರಗಿರಬೇಕು. ಬೇರೆ ಬೇರೆ ಉಷ್ಣತೆಯಲ್ಲಿ ಇದಕ್ಕೆ ಬೇಕಾದ ಒತ್ತಡ ಹೀಗಿದೆ. ಮೊದಲ ಸಂಖ್ಯೆ ಸಾಮಾನ್ಯ ವಾತಾವರಣದ ಒತ್ತಡದಲ್ಲಿ ಒಂದು ಲೀಟರ್ ನೀರಿನಲ್ಲಿ ಕರಗುವ ಅನಿಲ; ಎರಡನೆಯದು 4 ಲೀಟರ್ ಅನಿಲ ಕರಗಿಸಲು ಮಾಪಕದಲ್ಲಿ ಕಾಣಬೇಕಾದ ಒತ್ತಡ (ಎಲ್ಲವೂ ಸುಮಾರು).

0 ಡಿಗ್ರಿ: 1.7 ಲೀಟರ್, 1.4 ಬಾರ್
10 ಡಿಗ್ರಿ: 1.2 ಲೀಟರ್, 2.4 ಬಾರ್
20 ಡಿಗ್ರಿ: 0.88 ಲೀಟರ್, 3.6 ಬಾರ್
30 ಡಿಗ್ರಿ: 0.67 ಲೀಟರ್, 5 ಬಾರ್
40 ಡಿಗ್ರಿ: 0.53 ಲೀಟರ್, 6.5 ಬಾರ್

(ಒಂದು ಬಾರ್ ಎಂದರೆ ಸುಮಾರು ಒಂದು ವಾತಾವರಣದ ಒತ್ತಡ. ಮಾಪಕದಲ್ಲಿ ಪಿ.ಎಸ್.ಐ. ಗುರುತುಗಳಿದ್ದರೆ 14.5 ಪಿ.ಎಸ್.ಐ.ಗೆ ಒಂದು ಬಾರ್. ಕಿಲೋಗ್ರಾಂ ಪ್ರತಿ ಚದರ ಸೆಂಟಿಮೀಟರ್ ಎಂದಿದ್ದರೆ ಅದು ಹೆಚ್ಚುಕಡಿಮೆ ಬಾರ್‌ಗೆ ಸಮ.)

ಈ ಪಟ್ಟಿಯನ್ನು ಎರಡು ಬಾರಿ ಓದಿ. ಚಳಿಗಾಲದಲ್ಲಿ 20 ಡಿಗ್ರಿ ನೀರಿಗೆ 3.6 ಬಾರ್ ಸಾಕಾಗಿತ್ತು. ಬೇಸಿಗೆಯಲ್ಲಿ ತಾರಸಿಯ ತೊಟ್ಟಿಯಿಂದ ಬಂದ 40 ಡಿಗ್ರಿ ನೀರಿಗೆ ಅದೇ ಒತ್ತಡ ಕೊಟ್ಟರೆ 4 ಲೀಟರ್ ಬದಲು 2.4 ಲೀಟರ್ ಅನಿಲ ಮಾತ್ರ ಕರಗುತ್ತದೆ. ಯಂತ್ರ ಕೆಟ್ಟಿಲ್ಲ, ಸಿಲಿಂಡರಿನಲ್ಲಿ ಮೋಸವಾಗಿಲ್ಲ. ಕೆಟ್ಟಿರುವುದು ನೀರಿನ ಉಷ್ಣತೆ ಮಾತ್ರ.

ಒತ್ತಡವನ್ನು 6.5 ಬಾರ್‌ಗೆ ಏರಿಸಿದರೆ ಸೋಡಾ ಸರಿಹೋಗುತ್ತದೆಯಲ್ಲವೇ ಎಂದು ಕೇಳಬಹುದು. ಲೆಕ್ಕದಲ್ಲಿ ಹೌದು. ಆದರೆ ಹಲವು ವರ್ಷ ಉಜ್ಜಿ, ತಿಕ್ಕಿ, ಒಂದಕ್ಕೊಂದು ತಾಗಿ ಗೀರುಬಿದ್ದ ಗಾಜಿನ ಬಾಟಲಿ ಅದನ್ನು ತಾಳುತ್ತದೆಂದು ಯಾರೂ ಭರವಸೆ ಕೊಡಲಾರರು. ಗಾಜು ಎಳೆತಕ್ಕೆ ಬಲಹೀನ. ಒಂದು ಸಣ್ಣ ಗೀರು ಸಾಕು, ಬಿರುಕು ಅಲ್ಲಿಂದಲೇ ಹೊರಡುತ್ತದೆ. ಆದ್ದರಿಂದ ಪರಿಹಾರವನ್ನು ರೆಗ್ಯುಲೇಟರಿನಲ್ಲಲ್ಲ, ನೀರಿನ ಮಡಕೆಯಲ್ಲಿ ಹುಡುಕಬೇಕು. ನಮ್ಮ ಬೇಸಿಗೆಯ ಹವೆ ಒಣ ಹವೆ. ಮಣ್ಣಿನ ಮಡಕೆಯ ಮೈಯಿಂದ ನೀರು ಆವಿಯಾಗಿ ಒಳಗಿನ ನೀರನ್ನು ಚೆನ್ನಾಗಿ ತಣಿಸುತ್ತದೆ. 40 ಡಿಗ್ರಿಯ ನೀರು 25 ಡಿಗ್ರಿಗೆ ಇಳಿದರೂ ಅದೇ ಒತ್ತಡದಲ್ಲಿ ಶೇಕಡಾ 40ಕ್ಕೂ ಹೆಚ್ಚು ಅನಿಲ ಅಧಿಕವಾಗಿ ಕರಗುತ್ತದೆ. ಫ್ರಿಜ್ ಇದ್ದರೆ ಇನ್ನೂ ಒಳ್ಳೆಯದು. ಮಂಜುಗಡ್ಡೆ ಬಳಸುವುದಾದರೆ ಬಾಟಲಿಯ ಹೊರಗೆ ಇಡಿ; ಕುಡಿಯುವ ನೀರಿನಿಂದ ಮಾಡಿದ್ದಲ್ಲದ ಗಡ್ಡೆಯನ್ನು ನೀರಿಗೆ ಹಾಕಬೇಡಿ.

ಇದರ ಇನ್ನೊಂದು ಮುಖವನ್ನೂ ನೆನಪಿಡಬೇಕು. 10 ಡಿಗ್ರಿಯಲ್ಲಿ 2.4 ಬಾರ್ ಒತ್ತಡದಲ್ಲಿ ತುಂಬಿದ ಬಾಟಲಿಯನ್ನು ಬಿಸಿಲಿನಲ್ಲಿ ಬಿಟ್ಟು ಅದು 40 ಡಿಗ್ರಿಗೆ ಏರಿದರೆ, ಕರಗಿದ ಅನಿಲ ಹೊರಬಂದು ಒಳಗಿನ ಒತ್ತಡ 6 ಬಾರ್‌ನ ಆಸುಪಾಸಿಗೆ ಹೋಗುತ್ತದೆ. ಗಾಡಿಯ ಮೇಲೆ ಒದ್ದೆ ಗೋಣಿಚೀಲ ಹೊದಿಸುವ ಹಳೆಯ ರೂಢಿ ತಂಪಿಗಾಗಿ ಮಾತ್ರವಲ್ಲ, ಸುರಕ್ಷತೆಗೂ ಹೌದು.

ಎರಡನೆಯ ಪ್ರಶ್ನೆ: ಬಾಟಲಿಯೊಳಗೆ ಗಾಳಿ ಉಳಿದಿದೆಯೇ?

ನೀರು ತಣ್ಣಗಿದೆ, ಒತ್ತಡ ಸರಿಯಾಗಿದೆ, ಆದರೂ ಸೋಡಾ ಸಪ್ಪೆ. ಆಗ ಬಾಟಲಿಯ ಖಾಲಿ ಭಾಗದಲ್ಲಿ ಏನಿದೆ ಎಂದು ಯೋಚಿಸಿ. ನೀರಿನ ಮೇಲಿನ ಜಾಗದಲ್ಲಿ ಮೊದಲೇ ಗಾಳಿ ಇರುತ್ತದೆ. ಅದರ ಮೇಲೆ ಕಾರ್ಬನ್ ಡೈಆಕ್ಸೈಡ್ ತುಂಬಿ ಮಾಪಕ 4 ಬಾರ್ ತೋರಿಸಿದರೆ ವಾತಾವರಣದ್ದೂ ಸೇರಿ ಒಟ್ಟು ಒತ್ತಡ 5 ಬಾರ್. ಇದರಲ್ಲಿ 1 ಬಾರ್ ಗಾಳಿಯ ಪಾಲು. ಹೆನ್ರಿಯ ನಿಯಮದಲ್ಲಿ ಲೆಕ್ಕಕ್ಕೆ ಬರುವುದು ಕಾರ್ಬನ್ ಡೈಆಕ್ಸೈಡಿನ 4 ಬಾರ್ ಮಾತ್ರ. ಅಂದರೆ ಐದನೇ ಒಂದು ಭಾಗ ನಷ್ಟ. ಪರಿಹಾರ ಸುಲಭ: ಮೊದಲು ಸ್ವಲ್ಪ ಅನಿಲ ಬಿಟ್ಟು, ಒಮ್ಮೆ ಹೊರಗೆ ಹೋಗಲು ಬಿಟ್ಟು, ಗಾಳಿಯನ್ನು ಓಡಿಸಿ, ಅನಂತರ ಪೂರ್ತಿ ತುಂಬುವುದು.

ಯಂತ್ರದ ಹಿಡಿಯನ್ನು ಏಕೆ ತಿರುಗಿಸಬೇಕು? ಅನಿಲ ಕರಗುವುದು ನೀರಿನ ಮೇಲ್ಮೈಯ ಮೂಲಕ. ನಿಂತ ಬಾಟಲಿಯ ಕತ್ತಿನಲ್ಲಿ ಆ ಮೇಲ್ಮೈ ಬಹಳ ಚಿಕ್ಕದು; ಹಾಗೆಯೇ ಬಿಟ್ಟರೆ ಗಂಟೆಗಟ್ಟಲೆ ಬೇಕಾಗುತ್ತದೆ. ಬಾಟಲಿ ತಲೆಕೆಳಗಾಗಿ ಉರುಳಿದಾಗ ಅನಿಲ ಗುಳ್ಳೆಗಳಾಗಿ ನೀರಿನೊಳಗೆ ಹಾದುಹೋಗಿ ಮೇಲ್ಮೈ ಹಲವು ಪಟ್ಟು ಹೆಚ್ಚುತ್ತದೆ. ಗಡಿಬಿಡಿಯಲ್ಲಿ ನಾಲ್ಕು ಸುತ್ತು ಕಡಿಮೆ ಮಾಡಿದರೆ ಮಾಪಕ ಪೂರ್ತಿ ಒತ್ತಡ ತೋರಿಸುತ್ತದೆ, ಆದರೆ ಅನಿಲ ಇರುವುದು ಕತ್ತಿನಲ್ಲಿ, ನೀರಿನಲ್ಲಿ ಅಲ್ಲ. ಅಂತಹ ಬಾಟಲಿ ತೆರೆದಾಗ ಸದ್ದು ಜೋರು, ರುಚಿ ಸಪ್ಪೆ. ಈ ಲಕ್ಷಣ ಕಂಡರೆ ಸುತ್ತುಗಳನ್ನು ಹೆಚ್ಚಿಸಿ ನೋಡಿ.

ಮೂರನೆಯ ಪ್ರಶ್ನೆ: ಸೋರಿಕೆ ಎಲ್ಲಿ?

ತುಂಬಿದಾಗ ಚೆನ್ನಾಗಿದ್ದು ಸಂಜೆಗೆ ಸಪ್ಪೆಯಾದರೆ ಅದು ಸೋರಿಕೆಯೇ. ಬಾಟಲಿಯ ಕತ್ತನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಒಂದು ನಿಮಿಷ ನೋಡಿ. ಗುಳ್ಳೆಗಳ ಸಾಲು ಎದ್ದರೆ ದೋಷ ರಬ್ಬರ್ ಉಂಗುರದ್ದು ಅಥವಾ ಗೋಲಿಯದ್ದು. ರಬ್ಬರ್ ಬಿಸಿಲಿಗೂ ಗಾಳಿಗೂ ಗಟ್ಟಿಯಾಗಿ ಸೀಳುತ್ತದೆ. ಉಗುರಿನಿಂದ ಒತ್ತಿದಾಗ ಮರಳಿ ಮೊದಲಿನಂತಾಗದಿದ್ದರೆ ಬದಲಾಯಿಸಬೇಕು. ಉಂಗುರ ಆಹಾರಕ್ಕೆ ಯೋಗ್ಯವಾದ ರಬ್ಬರಿನದ್ದಾಗಿರಲಿ. ಪಂಕ್ಚರ್ ಅಂಗಡಿಯ ಟ್ಯೂಬ್ ತುಂಡು ಸೋರಿಕೆ ತಡೆಯಬಹುದು, ಆದರೆ ನೀರಿಗೆ ವಾಸನೆ ಬರುತ್ತದೆ. ಗೋಲಿಯ ಮೈ ಒರಟಾಗಿದ್ದರೆ ಅಥವಾ ಚೂರು ಎದ್ದಿದ್ದರೆ ಹೊಸ ಉಂಗುರವೂ ಉಪಯೋಗಕ್ಕೆ ಬಾರದು. ಉಂಗುರದ ಗಾಡಿಯಲ್ಲಿ ಮರಳಿನ ಕಣ ಕುಳಿತಿದ್ದರೂ ಅದೇ ಫಲ.

ಬಾಟಲಿಗಳು ಸರಿಯಿದ್ದು ಸಿಲಿಂಡರ್ ಬೇಗ ಖಾಲಿಯಾಗುತ್ತಿದ್ದರೆ ಸೋರಿಕೆ ಯಂತ್ರದ ಕಡೆಗಿದೆ. ಸಾಬೂನಿನ ನೊರೆನೀರನ್ನು ಕುಂಚದಿಂದ ಪ್ರತಿಯೊಂದು ಕೂಡುಗೆಗೂ ಹಚ್ಚಿ: ಸಿಲಿಂಡರಿನ ಕವಾಟ, ರೆಗ್ಯುಲೇಟರಿನ ನಟ್ಟು, ಕೊಳವೆಯ ಎರಡು ತುದಿಗಳು, ಯಂತ್ರದ ತಿರುಗುವ ಅಚ್ಚು. ನೊರೆ ಉಬ್ಬಿದಲ್ಲಿ ದೋಷವಿದೆ. ತಿರುಗುವ ಅಚ್ಚಿನ ವಾಷರ್ ಎಲ್ಲಕ್ಕಿಂತ ಬೇಗ ಸವೆಯುತ್ತದೆ. ಆದ್ದರಿಂದ ಅದರಿಂದಲೇ ಆರಂಭಿಸುವುದು ಒಳ್ಳೆಯದು.

ಸೋರಿಕೆಯನ್ನು ಲೆಕ್ಕದಿಂದಲೂ ಹಿಡಿಯಬಹುದು. 200 ಮಿಲಿಲೀಟರ್ ಬಾಟಲಿಯೊಂದರಲ್ಲಿ ಕರಗುವ ಅನಿಲ ಸುಮಾರು 1.6 ಗ್ರಾಂ. ಅಂದರೆ ಒಂದು ಕಿಲೋ ಅನಿಲದಿಂದ ಲೆಕ್ಕದ ಪ್ರಕಾರ 600ಕ್ಕೂ ಹೆಚ್ಚು ಬಾಟಲಿ ಆಗಬೇಕು. ಗಾಳಿ ಓಡಿಸುವಾಗ, ಬಾಟಲಿ ಬಿಡಿಸುವಾಗ ಒಂದಷ್ಟು ನಷ್ಟವಾಗುವುದು ಸಹಜ. ಯಂತ್ರ ಚೆನ್ನಾಗಿದ್ದಾಗ ಕಿಲೋಗೆ ಎಷ್ಟು ಬಾಟಲಿ ಬಂತು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಆ ಸಂಖ್ಯೆ ಇದ್ದಕ್ಕಿದ್ದಂತೆ ಇಳಿದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಹಣದ ನಷ್ಟವನ್ನು ಮೊದಲು ತೋರಿಸುವುದು ಈ ಪುಸ್ತಕವೇ.

ಉಕ್ಕುವ ಸೋಡಾ

ಸಪ್ಪೆ ಸೋಡಾಕ್ಕೆ ವಿರುದ್ಧವಾದ ತೊಂದರೆ ಉಕ್ಕುವುದು. ಕರಗಿದ ಅನಿಲ ತಾನಾಗಿ ಗುಳ್ಳೆಯಾಗುವುದು ಕಷ್ಟ. ಅದಕ್ಕೆ ಒಂದು ಆಸರೆ ಬೇಕು: ಗಾಜಿನ ಗೀರು, ಧೂಳಿನ ಕಣ, ಕರಗದ ಉಪ್ಪು, ಅಥವಾ ಮೊದಲೇ ಇರುವ ಸಣ್ಣ ಗುಳ್ಳೆ. ನಿಂಬೆ ಸೋಡಾಕ್ಕೆ ಉಪ್ಪು ಹಾಕಿದ ಕೂಡಲೇ ನೊರೆ ಏಳುವುದನ್ನು ನೀವು ನೋಡಿರಬಹುದು. ಉಪ್ಪಿನ ಹರಳುಗಳ ಒರಟು ಮೈ ಅಸಂಖ್ಯಾತ ಗುಳ್ಳೆಗಳಿಗೆ ಆಸರೆಯಾಗುವುದೇ ಇದಕ್ಕೆ ಮುಖ್ಯ ಕಾರಣ. ಲೋಟದಲ್ಲಿ ಮೊದಲೇ ಉಪ್ಪನ್ನು ನಿಂಬೆರಸದಲ್ಲಿ ಕರಗಿಸಿ, ಅನಂತರ ಸೋಡಾವನ್ನು ಲೋಟದ ಗೋಡೆಗುಂಟ ಸುರಿದರೆ ಅನಿಲ ಉಳಿಯುತ್ತದೆ.

ತುಂಬಿದ ಎಲ್ಲ ಬಾಟಲಿಗಳೂ ಉಕ್ಕಿದರೆ ಉಷ್ಣತೆ ಅಥವಾ ಒತ್ತಡ ಹೆಚ್ಚಾಗಿದೆ. ಕೆಲವು ಬಾಟಲಿ ಮಾತ್ರ ಉಕ್ಕಿದರೆ ಅವುಗಳ ಒಳಮೈ ಕೊಳೆಯಾಗಿದೆ ಅಥವಾ ಗೀರುಬಿದ್ದಿದೆ. ಅವನ್ನು ಬೇರೆ ಇಟ್ಟು ಕುಂಚ ಹಾಕಿ ತೊಳೆಯಿರಿ; ಆಮೇಲೂ ಉಕ್ಕಿದರೆ ಬಳಕೆಯಿಂದ ತೆಗೆದುಬಿಡಿ. ಗೀರುಬಿದ್ದ ಬಾಟಲಿ ಉಕ್ಕುವ ಬಾಟಲಿ ಮಾತ್ರವಲ್ಲ, ಒಡೆಯುವ ಬಾಟಲಿಯೂ ಹೌದು.

ನಮ್ಮ ನೀರು, ನಮ್ಮ ತೊಂದರೆ

ಕೊಪ್ಪಳ ಜಿಲ್ಲೆಯ ಅನೇಕ ಕೊಳವೆಬಾವಿಗಳ ನೀರು ಗಡಸು. ಇದರಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟು, ಕಾರ್ಬನ್ ಡೈಆಕ್ಸೈಡ್ ಇರುವ ತನಕ ಕರಗಿಯೇ ಇರುತ್ತದೆ. ಅನಿಲ ಹೊರಹೋದ ಜಾಗದಲ್ಲಿ, ಅಂದರೆ ಬಾಟಲಿಯ ಬಾಯಿ, ಯಂತ್ರದ ಮೂತಿ, ನಲ್ಲಿಯ ತುದಿಗಳಲ್ಲಿ, ಅದು ಕ್ಯಾಲ್ಸಿಯಂ ಕಾರ್ಬೊನೇಟಾಗಿ ಬಿಳಿ ಪೊರೆ ಕಟ್ಟುತ್ತದೆ. ಈ ಪೊರೆಯಿಂದ ಎರಡು ತೊಂದರೆ: ಗೋಲಿ ಉಂಗುರಕ್ಕೆ ಸರಿಯಾಗಿ ಕೂರುವುದಿಲ್ಲ, ಮತ್ತು ಒರಟು ಮೈ ಗುಳ್ಳೆಗಳಿಗೆ ಆಸರೆಯಾಗಿ ಸೋಡಾ ಉಕ್ಕುತ್ತದೆ. ಪರಿಹಾರ ಅಡುಗೆಮನೆಯಲ್ಲೇ ಇದೆ. ನಿಂಬೆಹುಳಿ ಅಥವಾ ವಿನೆಗರ್ ಬೆರೆಸಿದ ನೀರಿನಲ್ಲಿ ಭಾಗಗಳನ್ನು ಅರ್ಧ ಗಂಟೆ ನೆನೆಸಿ, ತೊಳೆದರೆ ಪೊರೆ ಕರಗುತ್ತದೆ.

ಇದಕ್ಕಿಂತ ದೊಡ್ಡ ವಿಷಯ ಫ್ಲೋರೈಡ್. ಜಿಲ್ಲೆಯ ಅಂತರ್ಜಲದಲ್ಲಿ, ಅದರಲ್ಲೂ ಯಲಬುರ್ಗಾ, ಕುಷ್ಟಗಿ ಭಾಗಗಳಲ್ಲಿ, ಫ್ಲೋರೈಡ್ ಮಿತಿ ಮೀರಿರುವುದು ಬಹುಕಾಲದಿಂದ ತಿಳಿದ ಸಮಸ್ಯೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಪ್ಪತಕ್ಕದ್ದು. ಬೇರೆ ಮೂಲವಿಲ್ಲದಾಗ ಗರಿಷ್ಠ ಮಿತಿ 1.5 ಮಿಲಿಗ್ರಾಂ. ಸೋಡಾ ಮಾಡುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ; ನೀರು ಆವಿಯಾದಷ್ಟು ಅದರ ಸಾಂದ್ರತೆ ಹೆಚ್ಚುತ್ತದೆ. ವಿಪರ್ಯಯ ಪರಾಸರಣದಿಂದ ಶುದ್ಧೀಕರಿಸಿದ ನೀರು ಅಥವಾ ನದಿ ಮೂಲದ ಸಂಸ್ಕರಿಸಿದ ನೀರನ್ನೇ ಸೋಡಾಕ್ಕೆ ಬಳಸಬೇಕು. ಸೋಡಾದ ಹುಳಿಯಿಂದ ರೋಗಾಣುಗಳು ಸಾಯುತ್ತವೆ ಎಂಬ ನಂಬಿಕೆಯನ್ನೂ ನೆಚ್ಚಿಕೊಳ್ಳುವಂತಿಲ್ಲ. ಕುಡಿಯಲು ಯೋಗ್ಯವಲ್ಲದ ನೀರು ಸೋಡಾ ಮಾಡಲೂ ಯೋಗ್ಯವಲ್ಲ.

ಸೋಡಾ ನೀರು ಹುಳಿಯಾದ್ದರಿಂದ ಅದು ತಾಗುವ ಕೊಳವೆ ತಾಮ್ರ, ಹಿತ್ತಾಳೆಯದ್ದಾಗಿರಬಾರದು. ಕಾರ್ಬಾನಿಕ್ ಆಮ್ಲ ತಾಮ್ರವನ್ನು ಕರಗಿಸಿ ವಾಂತಿ, ಹೊಟ್ಟೆನೋವಿಗೆ ಕಾರಣವಾಗಬಹುದು. ಸ್ಟೇನ್‌ಲೆಸ್ ಸ್ಟೀಲ್ ಅಥವಾ ಆಹಾರ ದರ್ಜೆಯ ಪ್ಲಾಸ್ಟಿಕ್ ಕೊಳವೆ ಬಳಸಿ.

ಸಿಲಿಂಡರ್ ಹೇಳುವ ಸುಳ್ಳು

ಹೊಸ ಸಿಲಿಂಡರಿನೊಳಗೆ ಕಾರ್ಬನ್ ಡೈಆಕ್ಸೈಡ್ ಬಹುಪಾಲು ದ್ರವರೂಪದಲ್ಲಿರುತ್ತದೆ. 20 ಡಿಗ್ರಿಯಲ್ಲಿ ಒಳಗಿನ ಒತ್ತಡ ಸುಮಾರು 57 ಬಾರ್. ಒಂದು ಕಿಲೋ ದ್ರವ ಉಳಿದಿದ್ದರೂ ಅಷ್ಟೇ, ಇಪ್ಪತ್ತು ಕಿಲೋ ಇದ್ದರೂ ಅಷ್ಟೇ. ಆದ್ದರಿಂದ ಮಾಪಕ ನೋಡಿ ಎಷ್ಟು ಅನಿಲ ಉಳಿದಿದೆ ಎಂದು ಹೇಳಲಾಗದು. ಮುಳ್ಳು ಇಳಿಯತೊಡಗಿತೆಂದರೆ ದ್ರವ ಮುಗಿದಿದೆ, ಸಿಲಿಂಡರ್ ಖಾಲಿಯಾಗಲು ಹೆಚ್ಚು ಹೊತ್ತಿಲ್ಲ. ಸರಿಯಾದ ವಿಧಾನ ತೂಗುವುದು. ಖಾಲಿ ಸಿಲಿಂಡರಿನ ತೂಕವನ್ನು ಅದರ ಭುಜದ ಮೇಲೆ ಒತ್ತಿರುತ್ತಾರೆ. ಈಗಿನ ತೂಕದಿಂದ ಅದನ್ನು ಕಳೆದರೆ ಉಳಿದ ಅನಿಲ ಸಿಗುತ್ತದೆ.

ಬೇಸಿಗೆಯಲ್ಲಿ ಇನ್ನೊಂದು ವಿಶೇಷ ನಡೆಯುತ್ತದೆ. 31 ಡಿಗ್ರಿಗಿಂತ ಮೇಲೆ ಕಾರ್ಬನ್ ಡೈಆಕ್ಸೈಡ್ ಎಷ್ಟು ಒತ್ತಿದರೂ ದ್ರವವಾಗಿ ಇರಲಾರದು. ಇದನ್ನು ಅದರ ಸಂದಿಗ್ಧ ಉಷ್ಣತೆ ಎನ್ನುತ್ತಾರೆ. ಪೂರ್ತಿ ತುಂಬಿದ ಸಿಲಿಂಡರ್ 40 ಡಿಗ್ರಿಗೆ ಏರಿದರೆ ಒಳಗಿನ ಒತ್ತಡ 100 ಬಾರ್ ದಾಟುತ್ತದೆ. ಸಿಲಿಂಡರನ್ನು ಇದಕ್ಕೆ ತಕ್ಕಂತೆಯೇ ಮಾಡಿರುತ್ತಾರೆ, ಅದರ ಕವಾಟದಲ್ಲಿ ಸುರಕ್ಷಾ ಬಿಲ್ಲೆಯೂ ಇರುತ್ತದೆ. ಆದರೆ ಮಿತಿಗಿಂತ ಹೆಚ್ಚು ತುಂಬಿದ, ತುಕ್ಕು ಹಿಡಿದ, ಪರೀಕ್ಷೆಯ ಅವಧಿ ಮೀರಿದ ಸಿಲಿಂಡರಿಗೆ ಈ ಭರವಸೆ ಇಲ್ಲ. ಇವುಗಳಿಗೆ ಐದು ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆ ಆಗಬೇಕು; ಆ ದಿನಾಂಕವನ್ನೂ ಸಿಲಿಂಡರಿನ ಮೇಲೆ ಒತ್ತಿರುತ್ತಾರೆ. ಕೊಳ್ಳುವಾಗ ನೋಡಿ. ಆಹಾರ ದರ್ಜೆಯ ಅನಿಲವನ್ನೇ ಕೇಳಿ ಪಡೆಯಿರಿ. ಸಿಲಿಂಡರನ್ನು ನೆರಳಿನಲ್ಲಿ, ನೆಟ್ಟಗೆ, ಗೋಡೆಗೆ ಸರಪಳಿಯಿಂದ ಕಟ್ಟಿ ಇಡಿ. ಅಡ್ಡ ಮಲಗಿಸಿದರೆ ದ್ರವ ರೆಗ್ಯುಲೇಟರಿಗೆ ನುಗ್ಗಿ ಅದನ್ನು ಕೆಡಿಸುತ್ತದೆ.

ರೆಗ್ಯುಲೇಟರಿನ ಮೇಲೆ ಹಿಮ ಕಟ್ಟಿ ಅನಿಲ ನಿಂತುಹೋದರೆ ಗಾಬರಿ ಬೇಡ. ಒಮ್ಮೆಲೇ ಹೆಚ್ಚು ಅನಿಲ ಹಿಗ್ಗಿದಾಗ ತಂಪಾಗಿ ಹೀಗಾಗುತ್ತದೆ. ಕವಾಟ ಮುಚ್ಚಿ ಹತ್ತು ನಿಮಿಷ ಬಿಡಿ, ಬೆಂಕಿ ತೋರಿಸಬೇಡಿ. ಇನ್ನೊಂದು ಪರೀಕ್ಷೆ ವಾರಕ್ಕೊಮ್ಮೆ ಅಗತ್ಯ. ಒತ್ತಡವನ್ನು ನಿಗದಿಮಾಡಿ, ಯಂತ್ರದ ಕಡೆಯ ಕವಾಟ ಮುಚ್ಚಿ, ಐದು ನಿಮಿಷ ಮುಳ್ಳನ್ನು ಗಮನಿಸಿ. ಅದು ತಾನಾಗಿಯೇ ನಿಧಾನವಾಗಿ ಮೇಲೇರಿದರೆ ರೆಗ್ಯುಲೇಟರಿನ ಒಳಗಿನ ಕವಾಟ ಸವೆದಿದೆ. ಅದನ್ನು ತಕ್ಷಣ ಬದಲಾಯಿಸಬೇಕು. ಸಿಲಿಂಡರಿನ ಭಾರಿ ಒತ್ತಡಕ್ಕೂ ನಿಮ್ಮ ಕೈಯಲ್ಲಿರುವ ಗಾಜಿನ ಬಾಟಲಿಗೂ ನಡುವೆ ಇರುವ ಏಕೈಕ ತಡೆ ಅದೇ.

ಪೀಪಾಯಿ ಮತ್ತು ನಲ್ಲಿ

ಈಚಿನ ವರ್ಷಗಳಲ್ಲಿ ನಗರಗಳ ಕೆಲವು ಮನೆಗಳಲ್ಲಿ, ಮದುವೆ ಮಂಟಪಗಳಲ್ಲಿ ಸ್ಟೀಲ್ ಪೀಪಾಯಿಯಿಂದ ನಲ್ಲಿಯ ಮೂಲಕ ಸೋಡಾ ಕೊಡುವ ವ್ಯವಸ್ಥೆ ಕಾಣುತ್ತದೆ. ಬೆಂಗಳೂರಿನ ಕಿರು ಬಿಯರ್ ಮಳಿಗೆಗಳಲ್ಲಿರುವುದೂ ಇದೇ ತತ್ವದ ಸಾಧನ. ಇಲ್ಲಿ ಸಾಮಾನ್ಯ ದೂರು ಒಂದೇ: ಲೋಟದ ತುಂಬ ನೊರೆ. ಮೊದಲ ಲೋಟ ಮಾತ್ರ ನೊರೆಯಾಗಿ ಆಮೇಲೆ ಸರಿಹೋದರೆ ನಲ್ಲಿ ಮತ್ತು ಕೊಳವೆ ಬಿಸಿಯಾಗಿವೆ ಎಂದರ್ಥ; ಅವನ್ನೂ ತಂಪಿನಲ್ಲಿಡಬೇಕು. ಎಲ್ಲ ಲೋಟವೂ ನೊರೆಯಾದರೆ ಒತ್ತಡ ಹೆಚ್ಚು ಅಥವಾ ಕೊಳವೆ ತೀರ ಗಿಡ್ಡ. ಪೀಪಾಯಿಯ ಒತ್ತಡ ನಲ್ಲಿಗೆ ಬರುವಷ್ಟರಲ್ಲಿ ಕೊಳವೆಯ ಘರ್ಷಣೆಯಿಂದ ನಿಧಾನವಾಗಿ ಇಳಿಯಬೇಕು. ಬಿಯರಿನಲ್ಲಿ ಅನಿಲ ಸೋಡಾಕ್ಕಿಂತ ಕಡಿಮೆ, ಲೀಟರಿಗೆ ಸುಮಾರು 5 ಗ್ರಾಂ. 4 ಡಿಗ್ರಿಯಲ್ಲಿ 0.7 ಬಾರ್ ಸಾಕು. ಇದಕ್ಕೆ 5 ಮಿಲಿಮೀಟರ್ ಒಳವ್ಯಾಸದ ಎರಡು-ಮೂರು ಮೀಟರ್ ಕೊಳವೆ ಬೇಕು. ಸೋಡಾಕ್ಕೆ ಇನ್ನೂ ಉದ್ದ. ನೊರೆಗೆ ಹೆದರಿ ನಲ್ಲಿಯನ್ನು ಅರ್ಧ ತೆರೆದರೆ ನೊರೆ ಮತ್ತೂ ಹೆಚ್ಚುತ್ತದೆ; ಪೂರ್ತಿ ತೆರೆಯಬೇಕು. ಕೊಳವೆಯ ಒಳಗೆ ಲೋಳೆ ಬೆಳೆದರೂ ನೊರೆ, ದುರ್ವಾಸನೆ ಎರಡೂ ಬರುತ್ತವೆ; ಎರಡು ವಾರಕ್ಕೊಮ್ಮೆ ತೊಳೆಯುವುದು ರೂಢಿ.

ಮನೆಯಲ್ಲಿ ಸಿಲಿಂಡರ್ ಇಲ್ಲದೆ ಯೀಸ್ಟ್ ಹಾಕಿ ಶುಂಠಿ ಪಾನಕವನ್ನು ಚುರುಗುಟ್ಟಿಸುವವರೂ ಇದ್ದಾರೆ. ಇಲ್ಲಿ ಯೀಸ್ಟೇ ಯಂತ್ರ, ಸಕ್ಕರೆಯೇ ಸಿಲಿಂಡರ್. ಒಂದು ಗ್ರಾಂ ಸಕ್ಕರೆಯಿಂದ ಸುಮಾರು ಅರ್ಧ ಗ್ರಾಂ ಅನಿಲ ಹುಟ್ಟುತ್ತದೆ. ಲೀಟರಿಗೆ 16 ಗ್ರಾಂ ಸಕ್ಕರೆ ಹುದುಗಿದರೆ ಸೋಡಾದಷ್ಟೇ ಅನಿಲ. ಆದರೆ ಸಿಹಿಗೆಂದು ಹಾಕಿದ 100 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ ಅದರ ಆರು ಪಟ್ಟು! ಈ ರೆಗ್ಯುಲೇಟರಿಗೆ ತಿರುಗಣಿ ಇಲ್ಲ. ಗಾಜಿನ ಬಾಟಲಿ ಒಡೆಯುವುದು ಹೀಗೆಯೇ. ಪ್ಲಾಸ್ಟಿಕ್ ಬಾಟಲಿ ಬಳಸಿ, ಒತ್ತಿದಾಗ ಗಟ್ಟಿಯಾದ ಕೂಡಲೇ ಫ್ರಿಜ್ಜಿನಲ್ಲಿಟ್ಟರೆ ಹುದುಗುವಿಕೆ ಬಹಳ ನಿಧಾನವಾಗುತ್ತದೆ. ಹುದುಗಿದಷ್ಟೂ ಮದ್ಯಸಾರವೂ ಹೆಚ್ಚುತ್ತದೆ. ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರ್ ಅಥವಾ ಇತರ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯಿದೆಯಂತೆ ಅಪರಾಧ ಎಂಬುದನ್ನು ಮರೆಯಬಾರದು.

ಕಣ್ಣಿಗೆ ಕಾಣದ ಅಪಾಯ

ಬಾಟಲಿ ಒಡೆದರೆ ಸದ್ದಾಗುತ್ತದೆ. ಅನಿಲ ಸೋರಿದರೆ ಸದ್ದೂ ಇಲ್ಲ, ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಮುಚ್ಚಿದ ಕೋಣೆಯ ನೆಲಮಟ್ಟದಲ್ಲಿ ನಿಲ್ಲುತ್ತದೆ. ಒಂದು ಕಿಲೋ ಸೋರಿದರೆ ಸುಮಾರು 550 ಲೀಟರ್ ಅನಿಲ. ಉದ್ದ, ಅಗಲ, ಎತ್ತರ ತಲಾ 3 ಮೀಟರ್ ಇರುವ ಕೋಣೆಯಲ್ಲಿ 27,000 ಲೀಟರ್ ಗಾಳಿ ಇರುತ್ತದೆ. ರಾತ್ರಿ 5 ಕಿಲೋ ಸೋರಿದರೆ ಕೋಣೆಯ ಗಾಳಿಯಲ್ಲಿ ಅದರ ಪಾಲು ಶೇಕಡಾ 10ರ ಹತ್ತಿರಕ್ಕೆ ಬರುತ್ತದೆ. ಶೇಕಡಾ 3ರಿಂದ 5ರಲ್ಲೇ ಏದುಸಿರು, ತಲೆನೋವು ಬರುತ್ತದೆ. ಶೇಕಡಾ 10ರಲ್ಲಿ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ನೆಲದ ಮೇಲೆ ಮಲಗಿದವರಿಗೆ, ಮಕ್ಕಳಿಗೆ ಅಪಾಯ ಇನ್ನೂ ಹೆಚ್ಚು. ಆದ್ದರಿಂದ ಮಲಗುವ ಕೋಣೆಯಲ್ಲಿ ಸಿಲಿಂಡರ್ ಇಡಲೇಬಾರದು. ನೆಲಮಟ್ಟದಲ್ಲಿ ಗಾಳಿಕಿಂಡಿ ಇರುವ ಜಗಲಿ ಅಥವಾ ಚಪ್ಪರವೇ ಸೋಡಾ ಯಂತ್ರಕ್ಕೆ ಸರಿಯಾದ ಜಾಗ. ಅಂತಹ ಕೋಣೆಯಲ್ಲಿ ಯಾರಾದರೂ ಬಿದ್ದಿದ್ದರೆ ಕೂಡಲೇ ಒಳಗೆ ನುಗ್ಗಬೇಡಿ. ಬಾಗಿಲು ಕಿಟಕಿ ತೆರೆದು, ಗಾಳಿ ಆಡಲು ಬಿಟ್ಟು, ಸಹಾಯಕ್ಕೆ ಕೂಗಿ.

ತಪಾಸಣೆಯ ಕ್ರಮ

ಹೇಳಿದ್ದನ್ನು ಯಂತ್ರದ ಪಕ್ಕದ ಗೋಡೆಗೆ ಅಂಟಿಸಬಹುದಾದ ರೂಪದಲ್ಲಿ ಸಂಗ್ರಹಿಸೋಣ.

1. ನೀರಿನ ಉಷ್ಣತೆ ನೋಡಿ. 25 ಡಿಗ್ರಿಗಿಂತ ಹೆಚ್ಚಿದ್ದರೆ ಮೊದಲು ತಣಿಸಿ.
2. ಗಾಳಿ ಓಡಿಸಿದ್ದೀರಾ? ಸುತ್ತುಗಳು ಸಾಕಷ್ಟಾಗಿವೆಯೇ?
3. ಬಾಟಲಿಯ ಕತ್ತನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡಿ. ಉಂಗುರ, ಗೋಲಿ ಪರೀಕ್ಷಿಸಿ.
4. ಕೂಡುಗೆಗಳಿಗೆ ಸಾಬೂನು ನೊರೆ ಹಚ್ಚಿ.
5. ಬಿಳಿ ಪೊರೆ ಇದ್ದರೆ ನಿಂಬೆಹುಳಿಯಿಂದ ತೆಗೆಯಿರಿ.
6. ಸಿಲಿಂಡರ್ ತೂಗಿ, ರೆಗ್ಯುಲೇಟರಿನ ಮುಳ್ಳು ತಾನಾಗಿ ಏರುತ್ತದೆಯೇ ನೋಡಿ.
7. ಇವೆಲ್ಲ ಸರಿಯಿದ್ದರೆ ಮಾತ್ರ, ಬಾಟಲಿ ತಯಾರಕರು ಹೇಳಿದ ಮಿತಿಯೊಳಗೆ, ಒತ್ತಡ ಹೆಚ್ಚಿಸಿ.

ತುಂಬುವಾಗ ಯಂತ್ರದ ಜಾಲರಿ ಮುಚ್ಚಿರಲಿ, ಕಣ್ಣಿಗೆ ಕನ್ನಡಕ, ಕೈಗೆ ದಪ್ಪ ಕೈಚೀಲ ಇರಲಿ. ಮಾರಾಟಕ್ಕೆ ಮಾಡುವವರು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯಡಿ ನೋಂದಣಿ ಮಾಡಿಸಿಕೊಳ್ಳಬೇಕು.

ಶಾಲೆಯ ವಿಜ್ಞಾನ ಸಂಘಗಳಿಗೂ ಇಲ್ಲಿ ಕೆಲಸವಿದೆ. ಒಂದೇ ಬಗೆಯ ಎರಡು ಸೋಡಾ ಬಾಟಲಿಗಳಲ್ಲಿ ಒಂದನ್ನು ಮಡಕೆಯ ನೀರಿನಲ್ಲಿ, ಇನ್ನೊಂದನ್ನು ಕೋಣೆಯ ನೆರಳಿನಲ್ಲಿ ಒಂದು ಗಂಟೆ ಇಡಿ. ಎರಡನ್ನೂ ತೆರೆದು, ಬಾಯಿಗೆ ಬಲೂನು ಕಟ್ಟಿ, ಯಾವುದು ಬೇಗ ಉಬ್ಬುತ್ತದೆ ನೋಡಿ. ಬಾಟಲಿಯನ್ನು ಬಿಸಿಲಿಗೆ ಮಾತ್ರ ಇಡಬೇಡಿ. ಹೆನ್ರಿಯ ನಿಯಮ, ಅದರ ಉಷ್ಣತೆಯ ಷರತ್ತು ಎರಡೂ ಕಣ್ಣೆದುರೇ ಕಾಣುತ್ತವೆ. ಅದೇ ಪಾಠವನ್ನು ಊರಿನ ಸೋಡಾ ಗಾಡಿಯವರಿಗೆ ವಿವರಿಸಿ ಹೇಳಿದರೆ ಈ ಬೇಸಿಗೆಯಲ್ಲಿ ಒಂದು ಬಾಟಲಿ ಒಡೆಯುವುದಾದರೂ ತಪ್ಪೀತು.